ಅನಂತರಾಜು ಅವರ ಎರಡು ನಿಯಮ

ಶೆಟ್ಟಿಹಳ್ಳಿಯಲ್ಲಿ ಹುಟ್ಟಿ, ದೆಹಲಿಯಲ್ಲಿ ದೇಶದ ಗ್ರಂಥಾಲಯಗಳಿಗೆಲ್ಲ ಮುಖ್ಯಸ್ಥರಾಗಿ, ಈಗ ಗಂಗಾನಗರದಲ್ಲಿ ನಿವೃತ್ತಿ ಅನುಭವಿಸುತ್ತಿರುವ ಅನಂತರಾಜು ಅವರ ಮೇಲೆ ನನಗೆ ಅಪಾರ ಗೌರವ. ನನ್ನ ಹಳೇ ಪೇಪರ್ ಅಂಗಡಿಯ ಮೇಲೆ ಇನ್ನೊಂದು ಮಹಡಿ ಎದ್ದಿದ್ದು ಅವರ ಕೃಪೆಯಿಂದಲೇ.

ಚಿಕ್ಕಂದಿನಿಂದಲೂ ಅವರಿಗೆ ಪುಸ್ತಕದ ಹುಚ್ಚಂತೆ. ಓದುವ ಹುಚ್ಚಲ್ಲ, ಜೋಡಿಸುವ ಹುಚ್ಚು. ತಾಯಿ ಮುನಿಕೃಷ್ಣಮ್ಮನವರ ಅಡುಗೆಮನೆ ಡಬ್ಬಿಗಳಿಗೆಲ್ಲ ನಂಬರ್ ಹಾಕಿದ್ದರಂತೆ; ಪಟ್ಟಿ ಕಳೆದುಹೋದ ದಿನ ಮನೆಮಂದಿಯೆಲ್ಲ ಉಪ್ಪಿಲ್ಲದ ಸಾರು ಉಂಡರಂತೆ. ಇಂಥ ಪ್ರತಿಭೆ ಊರಲ್ಲಿ ಉಳಿಯುವುದುಂಟೇ? ಮೂವತ್ತೈದು ವರ್ಷ ಮೆಟ್ಟಿಲು ಹತ್ತಿ ದೆಹಲಿಯ ಕುರ್ಚಿ ಹಿಡಿದರು. ಅಲ್ಲಿಂದ ಹೊರಡಿಸಿದ ಎರಡು ನಿಯಮಗಳು ದೇಶದ ಮೂಲೆಮೂಲೆಗೂ ಮುಟ್ಟಿದವು. ಹತ್ತು ವರ್ಷ ಯಾರೂ ಮನೆಗೆ ಒಯ್ಯದ ಪುಸ್ತಕವನ್ನು ತೂಕಕ್ಕೆ ಹಾಕಬೇಕು ಎಂಬುದೊಂದು. ಬೆಲೆಬಾಳುವ ಪುಸ್ತಕಕ್ಕೆ ‘ಇಲ್ಲೇ ಓದಿ’ ಎಂದು ಮೊಹರು ಒತ್ತಿ, ಯಾರಿಗೂ ಮನೆಗೆ ಕೊಡಕೂಡದು ಎಂಬುದು ಇನ್ನೊಂದು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ದೆಹಲಿಯಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲ.

ಅವರು ಬರೆದದ್ದು ಒಂದೇ ಪುಸ್ತಕ. ಪುಸ್ತಕ ಜೋಡಿಸುವ ಕ್ರಮದ ಬಗ್ಗೆ, ಎಂಟುನೂರು ಪುಟ. ಮನೆಯಲ್ಲಿದ್ದ ಪ್ರತಿಗಳು ದೆಹಲಿಯಿಂದ ಬರುವಾಗ ಲಾರಿಯಲ್ಲಿ ನೆನೆದು ಹಾಳಾದವು. ಉಳಿದದ್ದು ನಮ್ಮ ಬಡಾವಣೆಯ ಗ್ರಂಥಾಲಯದ್ದೊಂದೇ. ಅದಕ್ಕೆ ‘ಇಲ್ಲೇ ಓದಿ’ ಮೊಹರನ್ನು ಹಿಂದೊಮ್ಮೆ ತಾವೇ ನಿಂತು ಒತ್ತಿಸಿದ್ದರು. ಮೊನ್ನೆ ಆಷಾಢಕ್ಕೆ ಮೊಹರು ಬಿದ್ದು ಹತ್ತು ವರ್ಷ ತುಂಬಿತು. ಗ್ರಂಥಪಾಲಕಿ ಸರಳಾ ಅದನ್ನು ತೂಕದ ಕಟ್ಟಿಗೆ ಸೇರಿಸಿದರು.

ಸುದ್ದಿ ತಿಳಿದು ಅನಂತರಾಜು ಗ್ರಂಥಾಲಯಕ್ಕೆ ಓಡಿಬರುವಷ್ಟರಲ್ಲಿ, ನಾನು ಅಲ್ಲಿಗೇ ಒಯ್ದಿದ್ದ ತಕ್ಕಡಿಯಿಂದ ಕಟ್ಟು ಇಳಿದಿತ್ತು.

“ಏನಮ್ಮಾ ಇದು? ಮನೆಗೆ ಕೊಡಬಾರದು ಅಂತ ಮೊಹರಿದೆ. ಯಾರು ತಗೊಂಡ್ಹೋಗ್ತಾರೆ?”

“ಯಾರೂ ತಗೊಂಡ್ಹೋಗಿಲ್ಲ ಸರ್. ಅದಕ್ಕೇ ತೂಕಕ್ಕೆ ಹಾಕಿದ್ದು,” ಎಂದರು ಸರಳಾ.

“ಹಾಗಾದ್ರೆ ಈಗ ನಾನೇ ತಗೊಂಡ್ಹೋಗ್ತೀನಿ, ಬರ್ಕೊಳ್ಳಿ.”

“ಮೊಹರಿದೆಯಲ್ಲ ಸರ್.”

“ಇಂಥ ನಿಯಮ ಯಾವನಮ್ಮಾ ಮಾಡಿದ್ದು?”

ಸರಳಾ ಗೋಡೆಯ ಮೇಲಿನ ಸುತ್ತೋಲೆ ತೋರಿಸಿದರು. ಕೆಳಗೆ ಸಾಹೇಬರ ರುಜು ದಪ್ಪಗೆ, ಚೆಂದವಾಗಿತ್ತು.

ಅವರು ನನ್ನ ಕಡೆ ತಿರುಗಿದರು. “ಅದೊಂದನ್ನ ಕೊಟ್ಬಿಡ್ರೀ.”

“ಕಟ್ಟು ಬಿಚ್ಚಲ್ಲ ಸಾರ್. ನಮ್ಮ ಅಂಗಡೀಗೂ ಒಂದು ನಿಯಮ ಬೇಡ್ವಾ?” ಎಂದೆ.

ನಲವತ್ತು ಕೆಜಿ ಕಟ್ಟನ್ನು ಪೂರ್ತಿ ಕೊಂಡು ಆಟೋದಲ್ಲಿ ಒಯ್ದರು. ಈಗ ಅವರ ವರಾಂಡದಲ್ಲೊಂದು ಕಪಾಟು, ಒಂದು ರಿಜಿಸ್ಟರ್. ಕಾಫಿಗೆ ಹೋದವರು ಒಂದು ಪುಸ್ತಕ ಒಯ್ಯಲೇಬೇಕು. ತೂಕಕ್ಕೆ ಬಿದ್ದಿದ್ದ ಅಡುಗೆ ಪುಸ್ತಕ, ಪತ್ತೇದಾರಿ ಕಾದಂಬರಿಗಳೆಲ್ಲ ಸಂಜಯನಗರದವರೆಗೂ ಓಡಾಡುತ್ತಿವೆ. ಎಂಟುನೂರು ಪುಟದ್ದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಕಳೆದ ವಾರ ಅದನ್ನು ನಾನೇ ಕೇಳಿದೆ. ಅವರು ರಿಜಿಸ್ಟರ್ ತೆರೆದು ಪೆನ್ನಿನ ಮುಚ್ಚಳ ತೆಗೆದರು.

“ನಿಜವಾಗ್ಲೂ ಓದ್ತೀರೇನ್ರೀ?”

“ಮೊದ್ಲು ತಾರೀಖು ಹಾಕಿ ಸಾರ್. ಇನ್ನು ಹತ್ತು ವರ್ಷ ನಿಮ್ಮನ್ನ ಯಾರೂ ತೂಕಕ್ಕೆ ಹಾಕೋ ಹಂಗಿಲ್ಲ.”