ಒಂಬತ್ತು ಸಸಿಗಳ ಹತ್ತು ಸಾಲು

ಕೇಳಿದರೆ ಸಂಘಮಿತ್ರಾಳ ಮೈ ಉರಿಯುತ್ತಿದ್ದ ಪ್ರಶ್ನೆ ಒಂದೇ: “ನೀವು ಯಾರ ಪೈಕಿ ರೀ?” ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಅಪ್ಪನ ಹೆಸರು, ಮೂರನೆಯದಕ್ಕೆ ಇದು. ಜಾತಿ ಎಂಬ ಮಾತನ್ನೇ ಬಾಯಿಗೆ ತರದೆ ಜಾತಿ ತಿಳಿದುಕೊಳ್ಳುವುದರಲ್ಲಿ ನಾವು ಭಾರಿ ಹುಷಾರು. ಈಕೆಯ ವಿಷಯದಲ್ಲಿ ಮೂರನೆಯ ಪ್ರಶ್ನೆಯವರೆಗೆ ಹೋಗುವ ತೊಂದರೆಯೂ ಇರಲಿಲ್ಲ. ಬೌದ್ಧ ಧರ್ಮ ಸೇರಿದ ವರ್ಷವೇ ಹುಟ್ಟಿದ ಮಗಳಿಗೆ ಅಪ್ಪ ಭೀಮೇಶ ಪ್ರೀತಿಯಿಂದ ಇಟ್ಟ ಹೆಸರೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಮೂವತ್ತೊಂದು ವರ್ಷದ ಸಂಘಮಿತ್ರಾ ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ಅದಕ್ಕೂ ಮುಂಚೆ ಲಿಂಗಸುಗೂರಿನಲ್ಲಿದ್ದಳು. ಅಲ್ಲಿ ಮಹಡಿಯ ಮನೆ ಬಾಡಿಗೆಗೆ ಕೊಟ್ಟಿದ್ದ ಶಿವಲಿಂಗಮ್ಮನಿಗೆ ಈಕೆ ಬರೀ ‘ಮಿತ್ರಾ’. ಒಂದು ತಿಂಗಳು ಇಬ್ಬರದೂ ಒಂದೇ ಜೀವ. ರವಿವಾರ ಬಂತೆಂದರೆ ಒಬ್ಬರ ತಲೆ ಒಬ್ಬರು ಬಾಚುತ್ತ ಹೊತ್ತು ಮುಳುಗಿಸುವರು. ಒಂದು ದಿನ ಅಂಚೆಯವನು ಪೂರ್ತಿ ಹೆಸರಿದ್ದ ಲಕೋಟೆಯನ್ನು ಶಿವಲಿಂಗಮ್ಮನ ಕೈಗೆ ಕೊಟ್ಟು ಹೋದ. ಮರುದಿನ ಕೆಳಗಿನಿಂದ ಬಿಸಿ ರೊಟ್ಟಿ ಬರಲಿಲ್ಲ. ಮುಂದಿನ ವಾರ, “ನಮ್ ತಮ್ಮನ ಮಗ ಬರಾಕತ್ತಾನವ್ವಾ, ಮನಿ ಬೇಕಾಗೇತಿ” ಎಂದಳು. ಮನೆ ಇನ್ನೊಂದು ಸಿಕ್ಕಿತು. ತಲೆ ಬಾಚುವ ಆ ರವಿವಾರಗಳು ಸಿಗಲಿಲ್ಲ. ಅಂದಿನಿಂದ ಗೆಳೆತನ ಎಂದರೆ ಆಕೆಗೆ ಭಯ.

ಮಸ್ಕಿಗೆ ಬಂದ ಮೇಲೆ ಫೋನಿನಲ್ಲಿ ಆಕೆಗೆ ಒಂದು ಊರು ಸಿಕ್ಕಿತು. ನಿಜವಾದ ಊರಲ್ಲ, ಎಲ್ಲೋ ಹೊರದೇಶದ ಕಂಪನಿ ಕಟ್ಟಿದ ಆಟದ ಲೋಕ. ಒಳಗೆ ಹೋದವರಿಗೆಲ್ಲ ಒಂದು ಗೊಂಬೆಯ ರೂಪ, ಒಂದು ಮನೆ, ಮನೆಯ ಮುಂದೆ ಒಂದು ತುಂಡು ಹೊಲ. ಎದುರಾದವರ ಜೊತೆ ಬಾಯಿಂದಲೇ ಮಾತಾಡಬಹುದು. ಅಲ್ಲಿ ಆಕೆಯ ಹೆಸರು ಗೀಜಗ. ಎರಡನೆಯ ವಾರವೇ ಬೇಲಿಯಾಚೆಯಿಂದ ಒಂದು ದನಿ ಕೇಳಿತು: “ಏನಬೇ, ಹೊಲಾ ಬೀಳು ಬಿಟ್ಟು ಕುಂತೀಯಲ್ಲ, ನಿಮ್ಮಪ್ಪ ಬಂದು ಬಿತ್ತತಾನೇನು?”

ಆ ಗೊಂಬೆಯ ಹೆಸರು ಕುಸುಬಿ. ಆಕೆಯ ಮಾತಿನ ಹಿಂದೆ ಅಕ್ಕಿ ಗಿರಣಿಯ ಸದ್ದು ಕೇಳಿಸುತ್ತಿತ್ತು. ಗಿರಣಿಗಳೇ ತುಂಬಿದ ಸಿಂಧನೂರಿನ ಕಡೆಯವಳೇ ಇರಬೇಕು ಎಂದು ಸಂಘಮಿತ್ರಾ ಊಹಿಸಿದಳು, ಕೇಳಲಿಲ್ಲ. ಕುಸುಬಿಯೇ ಮೊದಲ ದಿನ ಕರಾರು ಹಾಕಿದ್ದಳು: “ನೋಡು ಗೀಜಗಾ, ಊರು ಕೇಳಬಾರ್ದು, ಹೆಸರು ಕೇಳಬಾರ್ದು, ಯಾರ ಪೈಕಿ ಅನ್ನೋದಂತೂ ಬಾಯಾಗ ಬರಬಾರ್ದು. ಕೇಳಿದ್ರ ಮಾತು ಬಂದ್!”

ಸಂಘಮಿತ್ರಾಳಿಗೆ ಅಳು ಬರುವಷ್ಟು ಖುಷಿಯಾಯಿತು. ಎರಡು ವರ್ಷ, ದಿನಾ ಸಂಜೆ ಐದೂವರೆಗೆ ಇಬ್ಬರೂ ಹೊಲದ ಬದುವಿನಲ್ಲಿ ಕೂತರು. ಕುಸುಬಿ ಒಕ್ಕಲುತನ ಬಲ್ಲವಳು. ಸಾಲು ಹಿಡಿಯುವುದು, ಮೊಳೆಯದೆ ಹುಸಿ ಹೋದ ಬೀಜದ ಜಾಗದಲ್ಲಿ ಸಸಿ ತುಂಬುವುದು ಎಲ್ಲ ಆಕೆಯೇ ಕಲಿಸಿದಳು. ಸೊಲ್ಲಾಪುರದಲ್ಲಿ ತೀರಿಕೊಂಡ ಅಕ್ಕನ ಬಗ್ಗೆ ಹೇಳಿ ಅತ್ತಳು. ಶಿವಲಿಂಗಮ್ಮನ ಕಥೆಯನ್ನು ಮಾತ್ರ ಸಂಘಮಿತ್ರಾ ಹೇಳಲಿಲ್ಲ, ಹೇಳಿದರೆ ಪೈಕಿ ತಿಳಿಯುತ್ತದಲ್ಲ! ಆದರೂ ಆಕೆಯ ಬಾಳಿನಲ್ಲಿ ಅದೊಂದೇ ಗೆಳೆತನ. ಗೊಂಬೆಯಾಟ ಎಂದು ನಗುವವರು ನಗಲಿ. ಜ್ವರ ಬಂದ ದಿನ ‘ಗಂಜಿ ಕುಡದೇನು?’ ಎಂದು ಆಕೆಯನ್ನು ಕೇಳಿದವಳು ಆ ಗೊಂಬೆಯೊಬ್ಬಳೇ.

ಹೋದ ತಿಂಗಳು ಕಂಪನಿಯವರ ನೋಟೀಸು ಬಂತು. ಮೂವತ್ತನೆಯ ತಾರೀಕು, ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ ನಾಲ್ಕಕ್ಕೆ, ಆ ಲೋಕವೇ ಮುಚ್ಚುತ್ತದೆ. ಮನೆ, ಹೊಲ, ಮಾತು ಏನೂ ಉಳಿಯುವುದಿಲ್ಲ.

“ಮುಂದ ಹೆಂಗ ಗೀಜಗಾ?” ಎಂದಳು ಕುಸುಬಿ.

“ನೋಡೋಣ” ಎಂದಳು ಸಂಘಮಿತ್ರಾ.

ಹದಿನಾಲ್ಕು ಸಂಜೆ ಹೀಗೇ ಕಳೆದವು. ಇಬ್ಬರೂ ಮಳೆ ಬೆಳೆ ಮಾತಾಡಿದರು, ಕರಾರು ಮುರಿಯುವ ಮೊದಲ ಮಾತು ಇನ್ನೊಬ್ಬಳಿಂದ ಬರಲಿ ಎಂದು ಕಾದರು. ಎಂಥ ಹುಚ್ಚು! ಕೊನೆಯ ಸಂಜೆ ಕೇಳಿಯೇ ಬಿಡುತ್ತೇನೆ ಎಂದು ಸಂಘಮಿತ್ರಾ ಗಟ್ಟಿ ಮನಸ್ಸು ಮಾಡಿ ಕೂತರೆ ಕುಸುಬಿ ಬರಲೇ ಇಲ್ಲ. ಕರೆಂಟು ಹೋಗಿತ್ತೋ, ಮೈಯಲ್ಲಿ ಹುಷಾರಿರಲಿಲ್ಲವೋ, ಕೇಳುವುದಾದರೂ ಯಾರನ್ನು?

ಮೂವತ್ತರ ಬೆಳಿಗ್ಗೆ ಆರಕ್ಕೆ ಎದ್ದು, ಬಂದವರಿಗೆ ಸಂದೇಶ ಬರೆದಿಡಲು ಆ ಹೊಲದ ಅಂಚಿಗಿದ್ದ ಹಲಗೆಯ ಮೇಲೆ ಫೋನ್ ನಂಬರ್ ಬರೆದಳು. ಅಂಕಿಗಳೆಲ್ಲ ಚುಕ್ಕಿಗಳಾದವು. ಅಕ್ಷರದಲ್ಲಿ ಬರೆದರೂ ಅಷ್ಟೇ, ನಂಬರ್ ಹಂಚಲು ಅಲ್ಲಿ ಬಿಡುವುದಿಲ್ಲ. ಹೆಸರು, ಊರು ಬರೆಯಲು ಅಡ್ಡಿ ಇರಲಿಲ್ಲ. ‘ಸಂ’ ಎಂದು ಬರೆದವಳ ಬೆರಳು ನಿಂತಿತು. ಲಕೋಟೆ ಹಿಡಿದ ಶಿವಲಿಂಗಮ್ಮನ ಮುಖ ಕಣ್ಣ ಮುಂದೆ ಬಂತು. ಅಳಿಸಿಬಿಟ್ಟಳು.

ಆಗ ಹೊಳೆದದ್ದು ಹೊಲ. ಹತ್ತು ಸಾಲು, ಸಾಲಿಗೆ ಒಂಬತ್ತು ಗುಣಿ. ನಂಬರಿನ ಅಂಕಿಗೊಂದು ಸಾಲಿನಂತೆ ಸಸಿ ನೆಟ್ಟಳು. ಮೊದಲ ಸಾಲಿಗೆ ಒಂಬತ್ತು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎಂಟು, ಸೊನ್ನೆ ಬಂದಲ್ಲಿ ಸಾಲು ಖಾಲಿ. ಹಲಗೆಯ ಮೇಲೆ ‘ಕುಸುಬಿ, ಇದು ನಿನಗ’ ಎಂದು ಬರೆದಳು. ನಂಬರಿಗೆ ಜಾತಿ ಇರುವುದಿಲ್ಲ. ತನ್ನ ಜಾಣತನಕ್ಕೆ ತಾನೇ ನಕ್ಕು ಶಾಲೆಗೆ ಹೋದಳು.

ಅಂದು ಪರೀಕ್ಷೆ. ಹೆಡ್ ಮಾಸ್ತರ ಪಂಪಾಪತಿ ಎಲ್ಲರ ಫೋನನ್ನೂ ಬೀರುವಿನಲ್ಲಿಟ್ಟು ಕೀಲಿ ಹಾಕಿದ್ದರು. ಸಂಘಮಿತ್ರಾ ಮೂರು ಸಲ ಹೋಗಿ ನಿಂತಳು. “ಏನವ್ವಾ, ಮನ್ಯಾಗ ಯಾರಿಗರೆ ಆರಾಮಿಲ್ಲೇನು?” ಎಂದರು ಅವರು. ಇಲ್ಲ ಎಂದಳು. ಹೌದು ಎನ್ನಬೇಕಿತ್ತು.

ಮೂರೂ ನಲವತ್ತಕ್ಕೆ ಫೋನು ಕೈಗೆ ಬಂತು. ತೆರೆದರೆ ಹೊಲ ಹಸಿರಾಗಿ ತುಂಬಿ ನಿಂತಿದೆ. ಹತ್ತು ಸಾಲು, ಸಾಲಿಗೆ ಒಂಬತ್ತು ಸಸಿ, ಒಂದು ಗುಣಿಯೂ ಖಾಲಿ ಇಲ್ಲ, ಎಲ್ಲಕ್ಕೂ ಕುಸುಬಿ ನೀರು ಹಾಯಿಸಿದ್ದಾಳೆ. ಹಲಗೆಯ ಮೇಲೆ ಬರೆದಿತ್ತು: ‘ಗೀಜಗಾ, ನಿನ್ನ ಸಾಲು ಅರ್ಧಕ್ಕರ್ಧ ಹುಸಿ ಹೋಗಿದ್ವು. ಕಡೀ ದಿನಾ ನಿನ್ನ ಹೊಲ ಹಂಗ ಬಿಡಾಕ ಮನಸ್ಸಾಗ್ಲಿಲ್ಲ, ಎಲ್ಲಾ ತುಂಬೀನಿ. ಕೆಲಸಕ್ಕ ಹೊತ್ತಾತು. ಆದ್ರ ನಾಲ್ಕರೊಳಗ ಮತ್ತ ಬರ್ತೀನಿ.’

ಸಂಘಮಿತ್ರಾ ಅಲ್ಲೇ ಶಾಲೆಯ ಕಲ್ಲುಕಟ್ಟೆಯ ಮೇಲೆ ಕೂತಳು. ಹೊಲದ ಮಗಳು ಖಾಲಿ ಗುಣಿ ಕಂಡರೆ ಎಣಿಸುತ್ತಾಳೆಯೇ, ತುಂಬುತ್ತಾಳೆ. ಕೈಯಾರೆ ಕಲಿಸಿದವಳ ಬಗ್ಗೆ ಅಷ್ಟೂ ತಿಳಿಯಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡಳು. ಸಸಿ ಕಿತ್ತರೆ ಆಕೆ ಮತ್ತೆ ತುಂಬುವವಳೇ. ಹಲಗೆ ಅಳಿಸಿ ಗಬಗಬನೆ ಬರೆದಳು: ‘ನಾ ಸಂಘಮಿತ್ರಾ. ಭೀಮೇಶನ ಮಗಳು. ಮಸ್ಕಿ ಹೈಸ್ಕೂಲಿನ್ಯಾಗ ಕ್ಲರ್ಕ್. ನಮ್ಮ ಪೈಕಿ ನಿನಗ ಗೊತ್ತಾಗಿರ್ತೈತಿ. ಹಂಗಾದ್ರೂ ಬಾ.’

ಹದಿನೆಂಟು ನಿಮಿಷ ಉಳಿದಿತ್ತು. “ಕುಸುಬೀ, ಬಾರವ್ವಾ, ಓದಬೇ” ಎಂದು ಫೋನಿಗೆ ಬಾಯಿ ಹಚ್ಚಿ ಕರೆದಳು. ಬೇಲಿಯಾಚೆ ಯಾರೂ ಬರಲಿಲ್ಲ. ನಾಲ್ಕಕ್ಕೆ ಸರಿಯಾಗಿ ಪರದೆ ಬೆಳ್ಳಗಾಯಿತು.

ಒಂದು ವಾರ ಶಾಲೆಯ ಗೇಟಿನತ್ತ ನೋಡಿದಳು. ಎಂಟನೆಯ ದಿನ ಸಿಂಧನೂರಿನ ಬಸ್ಸು ಹತ್ತಿದಳು. ಅರ್ಧ ದಾರಿಯಲ್ಲಿ ಒಂದು ಮಾತು ಎದೆಗೆ ಬಡಿಯಿತು. ಪೈಕಿ ಕೇಳಬಾರದೆಂದು ಕರಾರು ಹಾಕಿದವಳು ಕುಸುಬಿ. ಆ ಪ್ರಶ್ನೆಯಿಂದ ಸುಟ್ಟುಕೊಳ್ಳದವರು ಅಂಥ ಕರಾರು ಯಾಕೆ ಹಾಕುತ್ತಾರೆ? ಎರಡು ವರ್ಷ ತಾನು ಯಾರಿಗೆ ಹೆದರಿದಳೋ ಆಕೆಯೂ ತನಗೆ ಹಾಗೇ ಹೆದರಿದ್ದಳೇನೋ. ಸಂಘಮಿತ್ರಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಈಗ ಪ್ರತಿ ರವಿವಾರ ಆಕೆ ಸಿಂಧನೂರಿನಲ್ಲಿರುತ್ತಾಳೆ. ಅಕ್ಕಿ ಗಿರಣಿಗಳ ದಾರಿಯಲ್ಲಿ, ಬಸ್ ನಿಲ್ದಾಣದಲ್ಲಿ, ದನಿ ಎಲ್ಲಾದರೂ ಅದೇ ಅನಿಸಿದರೆ ಪಕ್ಕಕ್ಕೆ ಹೋಗಿ ಕೂರುತ್ತಾಳೆ. ಹೋದ ವಾರ ಅಂಥ ಒಬ್ಬಳ ಪಕ್ಕ ಕೂತು, ಇನ್ನಷ್ಟು ಮಾತಾಡಿಸಿ ದನಿ ಗುರುತಿಸುವ ಅವಸರದಲ್ಲಿ, “ಯಾವೂರು ರೀ ನಿಮ್ಮದು? ಯಾರ ಪೈಕಿ?” ಎಂದಳು.

ಆ ಹೆಂಗಸು ಸರಕ್ಕನೆ ಎದ್ದು ದೂರ ಹೋಗಿ ನಿಂತಳು.