ಬಲಗಡೆಯ ಹೂವು

ನೆನೆದ ಅವರೆಕಾಳನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಹಿದುಕಿದರೆ ಬೇಳೆ ಹಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಮಧ್ಯಾಹ್ನ ಈ ಕೆಲಸಕ್ಕೆ ಕೂತರೆ ಕೈ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಮನಸ್ಸು ಎತ್ತಲೋ ತೇಲಿಹೋಗುತ್ತದೆ. ಮೊನ್ನೆ ನನ್ನ ಮನಸ್ಸು ಪಂಚನಹಳ್ಳಿಯ ಅಡುಗೆಮನೆಯಿಂದ ಅಮೆರಿಕಕ್ಕೇ ಹೋಗಿಬಂತು. ಕಡೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಓದುವ ಮಗಳು ಕಾವ್ಯ, ಪರೀಕ್ಷೆಗಿರುವ ಅಲ್ಲಿನ ಹಳೆಯ ಕಾದಂಬರಿಯೊಂದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅರಮನೆಯಂಥ ಮನೆಗಳು, ಮುಗಿಯದ ಔತಣಗಳು. ಗಂಡನಿಗೆ ಇನ್ನೊಬ್ಬಳು, ಹೆಂಡತಿಗೆ ಇನ್ನೊಬ್ಬ. ಕಥೆ ಹೇಳುವವನಿಗೆ ಎಲ್ಲವೂ ಗೊತ್ತು.

“ಗೊತ್ತಿದ್ದೂ ಬಾಯಿ ಬಿಡಲ್ವೇನೇ ಅವ್ನು?”

“ಇಲ್ಲಮ್ಮ. ನೋಡ್ಕೊಂಡು ಸುಮ್ನಿರ್ತಾನೆ.”

“ಹಂಗಾದ್ರೆ ಒಳ್ಳೇವ್ನೋ ಕೆಟ್ಟೋನೋ?”

“ಹತ್ತು ಮಾರ್ಕಿಗೆ ಅದ್ನೇ ಕೇಳೋದು ಕಣಮ್ಮ” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಎರಡು ತಿಂಗಳ ಹಿಂದೆ ಮದುವೆಯೊಂದಕ್ಕೆ ಹೋಗಿ ಮರಳುವಾಗ ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ತರೀಕೆರೆಯ ಭಾವನನ್ನು, ನನ್ನ ಅಕ್ಕನ ಗಂಡನನ್ನು, ಕಂಡಿದ್ದೆ. ಹೆಗಲ ಟವೆಲ್ಲಿನಿಂದ ಸೀಟು ಒರೆಸಿ ಒಬ್ಬ ಹೆಂಗಸನ್ನು ಕೂರಿಸಿ, ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದುಕೊಂಡರು. ಇಪ್ಪತ್ತು ವರ್ಷದಲ್ಲಿ ಅಕ್ಕನಿಗೊಮ್ಮೆಯೂ ಸೀಟು ಒರೆಸಿದವರಲ್ಲ. ಮಾರನೆಯ ದಿನ ಅಕ್ಕ ಫೋನಿನಲ್ಲಿ, “ನಿಮ್ ಭಾವ ಶಿವಮೊಗ್ಗಕ್ಕೆ ಹೋಗಿದ್ದೆ ಅಂತಾರೆ. ಮದ್ವೆಗೆ ಹೋದಾಗ ನೀನೇನಾದ್ರೂ ಕಂಡ್ಯೇನೇ ಅಜ್ಜಂಪುರದ ಕಡೆ?” ಎಂದಳು. “ಇಲ್ಲ ಕಣಕ್ಕ” ಎಂದುಬಿಟ್ಟೆ.

ಆಮೇಲೆ ಮಾಡಿದ್ದನ್ನು ನಿಮ್ಮಲ್ಲಿ ಮುಚ್ಚಿಡುವುದೇಕೆ? ಹೇಳಲೋ ಬೇಡವೋ ಎಂದು ದೇವಿ ಅಂತರಘಟ್ಟಮ್ಮನ ಪಟದ ಮುಂದೆ ಅಪ್ಪಣೆ ಕೇಳಿದೆ: ಬಲಗಡೆಯ ಹೂ ಬಿದ್ದರೆ ಸುಮ್ಮನಿರುವುದು, ಎಡಗಡೆಯದು ಬಿದ್ದರೆ ಹೇಳುವುದು. ಎಡಗಡೆಯ ಹೂವನ್ನು ಚೌಕಟ್ಟಿನ ಸಂದಿಗೆ ಒತ್ತಿ ಸಿಕ್ಕಿಸಿದೆ. ಬಲಗಡೆಯದನ್ನು ಗಾಳಿಗೇ ಬೀಳುವಂತೆ ಸುಮ್ಮನೆ ಇಟ್ಟೆ. ಬಿತ್ತು. ಕಣ್ಣಿಗೊತ್ತಿಕೊಂಡು ಮುಡಿದುಕೊಂಡೆ. ತಾಯಿ ಸಿಟ್ಟಾಗಲಿಲ್ಲ, ಮನೆಯಲ್ಲಿ ಹಾಲು ಕೂಡ ಒಡೆಯಲಿಲ್ಲ. ಅವಳ ತಾಳ್ಮೆಯನ್ನು ನಾನು ಒಪ್ಪಿಗೆ ಎಂದುಕೊಂಡೆ.

ಅಕ್ಕ ಮಾತ್ರ ನನ್ನ ಮಾತನ್ನು ನಂಬಿ, ಗಂಡನ ಮೇಲೆ ಅನುಮಾನಪಟ್ಟ ಪಾಪ ಕಳೆಯಲೆಂದು ಸೋಮವಾರದ ಉಪವಾಸ ಹಿಡಿದಿದ್ದಾಳೆ, ನೀರೂ ಮುಟ್ಟದೆ. ಮಗಳ ಕಥೆ ಕೇಳುತ್ತಾ ಕೇಳುತ್ತಾ ಆ ದೂರದ ಔತಣದ ಮನೆಗಳೆಲ್ಲ ಮಂಜಿನಂತೆ ಕರಗಿ, ಅವುಗಳ ನಡುವೆ ಒಣಗಿದ ತುಟಿಯ ಅಕ್ಕ ಒಬ್ಬಳೇ ಓಡಾಡುತ್ತಿರುವಂತೆ ಕಂಡಿತು. ಮೋಸ ಮಾಡಿದವರು ಹೊಟ್ಟೆತುಂಬ ಉಣ್ಣುತ್ತಾರೆ, ನಂಬಿದವಳು ಹಸಿದಿರುತ್ತಾಳೆ. ನೋಡಿ ಸುಮ್ಮನಿದ್ದವನಿಗೆ ಹತ್ತಕ್ಕೆ ಎಷ್ಟು ಕೊಡಬೇಕೋ ನಾನರಿಯೆ. ನನಗೆ ನಾನು ಸೊನ್ನೆ ಹಾಕಿಕೊಂಡೆ.

ಸೋಮವಾರ ಬೆಳಗಿನ ಬಸ್ಸಿಗೇ ತರೀಕೆರೆಗೆ ಹೋದೆ. ಭಾವ ಮನೆಯಲ್ಲಿರಲಿಲ್ಲ, ಅದನ್ನೂ ತಾಯಿಯ ದಯೆಯೆಂದೇ ಎಣಿಸಿಕೊಂಡೆ.

“ಅಕ್ಕ, ಉಪವಾಸ ಬಿಡು. ನಿಂದೇನೂ ತಪ್ಪಿಲ್ಲ. ಅವತ್ತು ಭಾವ ಅಜ್ಜಂಪುರದಲ್ಲಿದ್ರು, ಜೊತೆಗೊಬ್ಳು ಇದ್ಲು. ನಾನೇ ಕಂಡಿದ್ದೆ. ಸುಳ್ಳು ಹೇಳ್ಬಿಟ್ಟೆ.”

ಅಕ್ಕ ಗೋಡೆಗೊರಗಿ ಕೂತಳು. ಅಳುತ್ತಾಳೆ, ಇಲ್ಲವೇ ನನ್ನನ್ನು ಹೊರಗೆ ಹಾಕುತ್ತಾಳೆ ಎಂದುಕೊಂಡೆ.

“ಎಂಟು ಸೋಮವಾರ ಕಣೇ” ಎಂದಳು. ಆಮೇಲೆ, “ಎದ್ದು ಅನ್ನಕ್ಕಿಡು. ಹೊಟ್ಟೆ ಹಸೀತಿದೆ.”