ಅಕ್ಕನ ಬಲಗೈಗೆ ತಂದ ವಿಮಾನದಾಟ

ಆ ವಿಡಿಯೋ ಗೇಮ್ ಯಂತ್ರಕ್ಕೆ ನಾನು ಕೊಟ್ಟದ್ದು ಹದಿನೆಂಟು ಸಾವಿರ ರೂಪಾಯಿ. ಗುಜರಿಗೆ ಹಾಕಿದರೆ ಎರಡು ಸಾವಿರವೂ ಹುಟ್ಟದ ಮಾಲು. ಕೊಂಡದ್ದು ಅಕ್ಕನ ಬಲಗೈಗಾಗಿ. ಲಕ್ವಾ ಹೊಡೆದ ಮೇಲೆ ಆ ಕೈಯ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ತೋರುಬೆರಳೊಂದು ಮಾತ್ರ, ಬಹಳ ಹೊತ್ತು ಬೇಡಿಕೊಂಡರೆ, ಒಂದಿಷ್ಟು ಅಲ್ಲಾಡುತ್ತಿತ್ತು.

ಒಡಹುಟ್ಟಿದ ಅಕ್ಕನಲ್ಲ. ಕೊಟ್ಟೂರು ಬಸ್ ನಿಲ್ದಾಣದ ಎದುರಿಗೆ ಒಂದೇ ಯಂತ್ರವಿದ್ದ ಗೇಮಿನಂಗಡಿಯ ಒಡತಿ. ನಾನು ಆಗ ಹಡಗಲಿಯಿಂದ ಮಲ್ಲಿಗೆ ತಂದು ಅಲ್ಲಿ ಮಾರುತ್ತಿದ್ದೆ. ಬಿಸಿಲೇರಿದಂತೆ ಗಾಬರಿಯಾಗಿ, ಕೇಳಿದ ಬೆಲೆಗೆ ಕೊಟ್ಟುಬಿಡುತ್ತಿದ್ದೆ. ಒಂದು ದಿನ ಕರೆದು ಬೈದಳು: “ಹೂವು ಬಾಡಿದ್ರೂ ನಿನ್ನ ಮಾರಿ ಬಾಡಬಾರದಲೇ. ರೇಟು ಹೇಳು, ಸುಮ್ನ ತಿರುಗಿ ನಡಿ. ಬೇಕಾದಾಂವ ತಾನ ಕರೀತಾನ.”

ಆ ಮಾತಿನ ಮೇಲೆಯೇ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಹಳೆ ಸಾಮಾನಿನ ಅಂಗಡಿ ಹಾಕಿ ನಿಂತೆ.

ಗೇಮಿನಂಗಡಿಯಲ್ಲಿ ಗಿರಾಕಿ ಆಡುವಾಗ ಅಕ್ಕ ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುವಳು. ಪರದೆಯ ಮೇಲೆ ಒಂದು ಪುಟ್ಟ ವಿಮಾನ. ಬೆಟ್ಟಗುಡ್ಡ, ವೈರಿ ವಿಮಾನಗಳು ಬಲಗಡೆಯಿಂದ ತಾವಾಗಿಯೇ ಸರಿದು ಬರುವವು, ತಡೆಯುವ ಹಾಗಿಲ್ಲ. ಎಡಗೈ ವಿಮಾನ ನಡೆಸಬೇಕು, ಬಲಗೈ ಗುಂಡು ಹಾರಿಸಬೇಕು. ಆಟದಲ್ಲಿ ಗಿರಾಕಿ ಸತ್ತ ಕೂಡಲೇ ಅಂಟುಗೈಯನ್ನು ಸೆರಗಿಗೆ ಒರೆಸಿ ಏಳುವಳು. “ಸರೀರಿ, ನಿಮ್ಮ ಜೀವ ಹೋತು. ಇನ್ನ ನನ್ನದು ನೋಡ್ರಿ!” ಆ ವೇಗಕ್ಕೆ ಅವಳ ಬೆರಳು ಆಡುವುದು ಕಣ್ಣಿಗೇ ಕಾಣುತ್ತಿರಲಿಲ್ಲ.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಂಗಡಿ ಮುಚ್ಚಿ, ಯಂತ್ರವನ್ನು ಹರಪನಹಳ್ಳಿಯ ಢಾಬಾದವನಿಗೆ ಮಾರಿದಳು.

ಲಕ್ವಾ ಹೊಡೆದ ಸುದ್ದಿ ಕೇಳಿ ಹೋದಾಗ, ಕೈ ಹಿಚುಕಲು ಕೊಟ್ಟಿದ್ದ ರಬ್ಬರ್ ಚೆಂಡು ಮಂಚದ ಕೆಳಗೆ ಬಿದ್ದಿತ್ತು. “ಅದು ನಾಯಿಗೆ ಒಗಿಯೋ ಸಾಮಾನು. ನನ್ನ ಗೇಮ್ ತಂದುಕೊಡಲೇ. ಬಟನ್ ಕಂಡ್ರ ಬೆರಳು ತಾನ ಏಳತೈತಿ,” ಎಂದಳು. ಆಮೇಲೆ ದನಿ ತಗ್ಗಿಸಿ, “ಸೊಸಿ ತುತ್ತು ಮಾಡಿ ಬಾಯಿಗಿಡ್ತಾಳ. ನನ್ನ ರೊಟ್ಟಿ ನಾನ ಮುರಿಬೇಕು,” ಎಂದಳು. ಮೊದಲ ವಾರಗಳನ್ನು ಕಳೆದುಕೊಳ್ಳಬೇಡಿ, ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರೂ ಹೇಳಿದ್ದರು.

ಮರುದಿನವೇ ಬೈಕ್ ಹತ್ತಿ ಹರಪನಹಳ್ಳಿಗೆ ಹೋದೆ.

“ಹದಿನೆಂಟು. ಕಮ್ಮಿ ಆಗಲ್ಲ ರೀ,” ಎಂದ ಢಾಬಾದವನು.

“ಎಂಟು.”

“ಎಂಟಕ್ಕೆ ಬರೀ ಡಬ್ಬ ತಗಂಡು ಹೋಗ್ರಿ.”

ಹದಿನೆಂಟು ಸಾವಿರವೂ ಜೇಬಿನಲ್ಲಿತ್ತು. ಆದರೂ ನನ್ನ ನಂಬರ್ ಕೊಟ್ಟು ತಿರುಗಿ ನಡೆದೆ. ಕರೆದೇ ಕರೆಯುತ್ತಾನೆಂದು ಗೊತ್ತಿತ್ತು. ನಾಲ್ಕು ದಿನ ಫೋನ್ ಕೈಯಲ್ಲಿ ಹಿಡಿದೇ ಕಾದೆ.

ಐದನೆಯ ದಿನ ಫೋನ್ ಬಂತು, ಅಕ್ಕನ ಸೊಸೆಯದು. “ಅಣ್ಣಾರ, ನಮ್ಮ ಅತ್ತಿಯವರಿಗೆ ಮತ್ತ ಹೊಡದೈತ್ರಿ.”

ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದ ದಿನವೇ, ಕೇಳಿದ ಹದಿನೆಂಟನ್ನೇ ಕೊಟ್ಟು ಯಂತ್ರವನ್ನೂ ತಂದಿಳಿಸಿದೆ. ಬೆನ್ನಿಗೆ ದಿಂಬು ಕೊಟ್ಟು ಅದರ ಮುಂದೆ ಕೂರಿಸಿದೆವು. ಎಡಗೈ ಏನನ್ನೂ ಮರೆತಿರಲಿಲ್ಲ. ವಿಮಾನ ಏರಿತು, ಇಳಿಯಿತು, ಬಂದ ಗುಂಡುಗಳನ್ನೆಲ್ಲ ತಪ್ಪಿಸಿಕೊಂಡಿತು. ಬಲಗೈಯನ್ನು ಬಟನ್ನಿನ ಮೇಲೆ ನಾವೇ ಎತ್ತಿಟ್ಟಿದ್ದೆವು. ತೋರುಬೆರಳೂ ಈಗ ಸತ್ತಿತ್ತು. ಒಂದು ಗುಂಡೂ ಹಾರಲಿಲ್ಲ. ವೈರಿಗಳು ಪರದೆ ತುಂಬಿಕೊಂಡರು. ಮೂರು ಸಲ ಆಡಿದಳು, ಮೂರು ಸಲವೂ ಅಷ್ಟೇ. ತಡೆಯಲಾರದೆ ನಾನು ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಿದೆ.

“ತಗೀ… ಕೈ ತಗೀ,” ಎಂದಳು, ತೊದಲುತ್ತ. “ನಾಕು ದಿನ… ಎಲ್ಲಿದ್ದಿ?”

“ರೇಟು ಮಾತಾಡಾಕತ್ತಿದ್ದೆ ಅಕ್ಕ.”

ಅರ್ಧ ಬಾಯಿ ನಕ್ಕಿತು. “ನಾನ… ಕಲಿಸಿದ್ದು.”

ಎರಡು ವಾರವೂ ತುಂಬಲಿಲ್ಲ, ಹೋದಳು. ಕೊನೆಯ ತುತ್ತನ್ನೂ ಸೊಸೆಯೇ ತಿನ್ನಿಸಿದ್ದು. ಬೇಗ ತಂದಿದ್ದರೆ ಕೈ ಬರುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಆ ನಾಲ್ಕು ದಿನ ಈಗಲೂ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ಬರುತ್ತವೆ.

ಓದುವವರಿಗೆ ಒಂದು ಮಾತು. ಚೌಕಾಸಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಬಿಡುವವರಲ್ಲ. ಆದರೆ ಬೇನೆ ಬಿದ್ದವರು ಬೇಡಿದ ಮಾಲು ತರಲು ಹೋಗುವಾಗ ಬೈಕಿನಲ್ಲಿ ಹೋಗಬೇಡಿ. ಟೆಂಪೊ ಮಾಡಿಕೊಂಡೇ ಹೋಗಿ. ಬಾಗಿಲಲ್ಲಿ ಬಾಡಿಗೆ ಗಾಡಿ ನಿಂತಿದ್ದರೆ ಯಾರೂ ಬರಿಗೈಲಿ ತಿರುಗಿ ನಡೆಯುವುದಿಲ್ಲ.